ಆನೆಗೆ ಎಷ್ಟು ಮಿಲಿಗ್ರಾಂ?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಮೂರು ಕಿಲೋ ತೂಗುವ ಬೆಕ್ಕಿಗೆ ಯಾವುದೋ ಒಂದು ಔಷಧ 0.3 ಮಿಲಿಗ್ರಾಂ ಬೇಕು. ಹಾಗಾದ್ರೆ ಮೂರು ಸಾವಿರ ಕಿಲೋ ತೂಗುವ ಆನೆಗೆ ಎಷ್ಟು?

ಶಾಲೆಯಲ್ಲಿ ಕಲಿತ ತ್ರೈರಾಶಿ ನೆನಪಿದ್ದರೆ ಸಾಕು, 300 ಅಂತ ಥಟ್ಟನೆ ಹೇಳ್ತೀರಿ. 1962ರ ಆಗಸ್ಟ್ 3ರಂದು ಅಮೆರಿಕದ ಒಕ್ಲಹೋಮ ಸಿಟಿಯ ಮೃಗಾಲಯದಲ್ಲಿ ಕೆಲವರು ಹೆಚ್ಚುಕಮ್ಮಿ ಇದೇ ಲೆಕ್ಕ ಹಾಕಿದರು. ಇಬ್ಬರು ಮನೋವೈದ್ಯರು, ಜೊತೆಗೆ ಆ ಮೃಗಾಲಯದ ನಿರ್ದೇಶಕರು. ಗಂಡಾನೆಗೆ ಮದ ಬರುತ್ತಲ್ಲ, ಅದನ್ನು ಎಲ್‌ಎಸ್‌ಡಿ ಕೊಟ್ಟು ಬರಿಸಬಹುದಾ ಅಂತ ನೋಡುವುದು ಅವರ ಉದ್ದೇಶ. ಸಣ್ಣ ಪ್ರಾಣಿಗಳ ಅನುಭವ ಇಟ್ಟುಕೊಂಡು ಕಿಲೋಗೆ 0.1 ಮಿಲಿಗ್ರಾಂ ಅಂತ ಹಿಡಿದು, ಟಸ್ಕೊ ಎಂಬ ಆನೆಗೆ 297 ಮಿಲಿಗ್ರಾಂ ಚುಚ್ಚಿದರು. ಐದೇ ನಿಮಿಷದಲ್ಲಿ ಆನೆ ಕುಸಿದು ಬಿತ್ತು. ಉಳಿಸಲು ಬೇರೆ ಔಷಧಗಳನ್ನೂ ಕೊಟ್ಟು ನೋಡಿದರು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಟಸ್ಕೊ ಸತ್ತುಹೋಯಿತು. ಕೊಂದದ್ದು ಎಲ್‌ಎಸ್‌ಡಿಯೋ, ಆಮೇಲೆ ಕೊಟ್ಟ ಔಷಧಗಳೋ ಅನ್ನುವ ಚರ್ಚೆ ಇವತ್ತಿಗೂ ಇದೆ. ಆದರೆ ಡೋಸ್ ಲೆಕ್ಕವೇ ತಪ್ಪಾಗಿತ್ತು ಅನ್ನುವುದರಲ್ಲಿ ಹೆಚ್ಚಿನವರಿಗೆ ಅನುಮಾನ ಇಲ್ಲ.

ಎಲ್ಲಿ ತಪ್ಪಾಯಿತು? ಆನೆ ಅಂದರೆ ಸಾವಿರ ಬೆಕ್ಕು ಅಲ್ಲ. ದೇಹ ದೊಡ್ಡದಾದಷ್ಟೂ ಅದರ ಪ್ರತಿ ಕಿಲೋ ನಿಧಾನಕ್ಕೆ ಉರಿಯುತ್ತೆ. ಹೃದಯ ನಿಧಾನ, ಉಸಿರು ನಿಧಾನ, ಔಷಧ ಕರಗಿ ಹೊರಹೋಗುವುದೂ ನಿಧಾನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿದ್ದ ಮ್ಯಾಕ್ಸ್ ಕ್ಲೈಬರ್ 1930ರ ದಶಕದಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದರು. ತೂಕ ಸಾವಿರ ಪಟ್ಟು ಹೆಚ್ಚಾದರೆ ದೇಹ ಸುಡುವ ಶಕ್ತಿ ಹೆಚ್ಚಾಗುವುದು ಸುಮಾರು 178 ಪಟ್ಟು ಮಾತ್ರ. ಹಾಗೆ ಲೆಕ್ಕ ಹಾಕಿದರೆ ನಮ್ಮ ಆನೆಗೆ ಬೇಕಾದದ್ದು 300 ಅಲ್ಲ, 53ರ ಆಸುಪಾಸು.

ಅಷ್ಟಕ್ಕೇ ಮುಗಿಯಲಿಲ್ಲ. ಸೂತ್ರ ಸರಿ ಹಾಕಿದರೂ ಪ್ರಾಣಿಯಿಂದ ಪ್ರಾಣಿಗೆ ಒಳಗಿನ ರಸಾಯನವೇ ಬೇರೆ. ನಾವು ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಪಳಗಿಸಿ ಹೊರಹಾಕುವ ಕೆಲಸ ಬೆಕ್ಕಿನ ಯಕೃತ್ತಿಗೆ ಸರಿಯಾಗಿ ಬರಲ್ಲ. ಇದು ಯಾವ ಗಣಿತದಿಂದಲೂ ಗೊತ್ತಾಗುವ ವಿಷಯ ಅಲ್ಲ. ಯಾರೋ ನೋಡಿರಬೇಕು, ನೋಡಿದ್ದನ್ನು ಬರೆದಿಟ್ಟಿರಬೇಕು.

ಹಾಗೆ ಬರೆದಿಡುವುದನ್ನೇ ವೃತ್ತಿ ಮಾಡಿಕೊಂಡ ಒಬ್ಬ ಮೇಷ್ಟ್ರ ಬಗ್ಗೆ ಈ ಸಲ ಹೇಳಬೇಕು. ಹೆಸರು ಮರ್ರೆ ಫೌಲರ್. ಹುಟ್ಟಿದ್ದು 1928ರಲ್ಲಿ. 1955ರಲ್ಲಿ ಅಯೋವಾ ಸ್ಟೇಟ್‌ನಲ್ಲಿ ಪಶುವೈದ್ಯ ಪದವಿ ಮುಗಿಸಿ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕುದುರೆ ಡಾಕ್ಟರ್ ಆಗಿದ್ದರು. 1958ರಲ್ಲಿ ಡೇವಿಸ್‌ಗೆ, ಅಂದರೆ ಕ್ಲೈಬರ್ ಇದ್ದ ಅದೇ ಕ್ಯಾಂಪಸ್ಸಿಗೆ, ಅಧ್ಯಾಪಕರಾಗಿ ಸೇರಿದರು. ಅಲ್ಲೂ ಮೊದಲು ಕೆಲಸ ದೊಡ್ಡ ಪ್ರಾಣಿಗಳದ್ದೇ. ಕುದುರೆ, ದನ, ಶಸ್ತ್ರಚಿಕಿತ್ಸೆ. ಒಳ್ಳೆ ಕೆಲಸ, ಒಳ್ಳೆ ಹೆಸರು, ಮುಂದಿನ ದಾರಿ ಸ್ಪಷ್ಟ.

1960ರ ದಶಕದ ಕೊನೆಗೆ, ವಯಸ್ಸು ನಲವತ್ತರ ಹತ್ತಿರ ಬಂದಾಗ, ಅವರು ಪಥ ಬದಲಿಸಿದರು. ಡೇವಿಸ್‌ನಲ್ಲಿ ಮೃಗಾಲಯ ಮತ್ತು ಕಾಡುಪ್ರಾಣಿಗಳ ವೈದ್ಯಕೀಯವನ್ನು ಒಂದು ಪಾಠವಾಗಿ ಕಟ್ಟಲು ಹೊರಟರು. ಪಶುವೈದ್ಯ ಕಾಲೇಜಿನ ಒಳಗೆ ಇಂಥ ವಿಭಾಗ ಅನ್ನುವುದೇ ಆಗ ಹೊಸದು. ಮೃಗಾಲಯಗಳಲ್ಲಿ ಡಾಕ್ಟರುಗಳು ಇರಲಿಲ್ಲ ಅಂತಲ್ಲ, ಇದ್ದರು. ಆದರೆ ಅವರಿಗೆ ಗೊತ್ತಿದ್ದದ್ದು ಅವರ ತಲೆಯಲ್ಲೇ ಇತ್ತು. ಒಬ್ಬರು ನಿವೃತ್ತರಾದರೆ ಮುಂದಿನವರು ಮತ್ತೆ ಸೊನ್ನೆಯಿಂದ ಶುರು. ಒಂದು ಊರಿನ ಝೂನಲ್ಲಿ ಒಂದು ಜಿಂಕೆ ಯಾಕೆ ಸತ್ತಿತು ಅನ್ನೋದು ಪಕ್ಕದ ಊರಿಗೆ ಗೊತ್ತಾಗುತ್ತಿರಲಿಲ್ಲ. ಅಲ್ಲೂ ಒಂದು ಜಿಂಕೆ ಅದೇ ಕಾರಣಕ್ಕೆ ಸಾಯುತ್ತಿತ್ತು.

ಈಗ ಈ ಕೆಲಸದ ಕಷ್ಟ ಸ್ವಲ್ಪ ಊಹಿಸಿ. ಮನುಷ್ಯರ ಡಾಕ್ಟರಿಗೆ ರೋಗಿ ಒಂದೇ ಜಾತಿ. ಅವನು ತಾನಾಗೇ ನಡೆದು ಬಂದು, ಕೂತು, "ಡಾಕ್ಟ್ರೇ, ಇಲ್ಲಿ ನೋವು" ಅಂತಾನೆ. ಝೂ ಡಾಕ್ಟರಿಗೆ ಬೆಳಿಗ್ಗೆ ಹುಲಿಯ ಹಲ್ಲು, ಮಧ್ಯಾಹ್ನ ಹೆಬ್ಬಾವಿನ ಬಾಯಿಹುಣ್ಣು, ಸಂಜೆ ಜಿರಾಫೆಯ ಗೊರಸು. ಯಾವುದೂ ಹತ್ತಿರ ಬಿಟ್ಟುಕೊಳ್ಳಲ್ಲ. ಎಷ್ಟೋ ಪ್ರಾಣಿಗಳು ಕಾಯಿಲೆ ಇದ್ದರೂ ಇಲ್ಲದ ಹಾಗೆ ನಟಿಸುತ್ತವೆ, ಯಾಕಂದ್ರೆ ಕಾಡಿನಲ್ಲಿ ಸೋತಂತೆ ಕಂಡವನೇ ಮೊದಲ ಬೇಟೆ. ಮೇವು ಬಿಟ್ಟಿದೆ ಅಂತ ಕೀಪರ್ ಬಂದು ಹೇಳುವಷ್ಟರಲ್ಲಿ ಎಷ್ಟೋ ಸಲ ತಡವಾಗಿರುತ್ತೆ.

ಹಾಗಾಗಿ ಈ ವೈದ್ಯಕೀಯದ ಮೊದಲ ಪ್ರಶ್ನೆ ರೋಗ ಏನು ಅನ್ನೋದಲ್ಲ. ಪ್ರಾಣಿಯನ್ನು ಕೊಲ್ಲದೆ ಹಿಡಿಯುವುದು ಹೇಗೆ, ನಾವೂ ಸಾಯದೆ ಹಿಡಿಯುವುದು ಹೇಗೆ ಅನ್ನೋದು. 1978ರಲ್ಲಿ ಫೌಲರ್ ಬರೆದ ಒಂದು ಪುಸ್ತಕ ಪೂರ್ತಿ ಇದರ ಮೇಲೇ ಇದೆ: ಸಾಕುಪ್ರಾಣಿ, ಕಾಡುಪ್ರಾಣಿಗಳನ್ನು ಹಿಡಿದು ನಿಲ್ಲಿಸುವ ವಿಧಾನ. ಅದರಲ್ಲಿ ಹಗ್ಗದ ಗಂಟು ಹಾಕುವುದು ಹೇಗೆ ಅನ್ನೋದಕ್ಕೂ ಒಂದು ಅಧ್ಯಾಯ ಇದೆ. ಪ್ರೊಫೆಸರ್ ಕೂತು ಗಂಟಿನ ಬಗ್ಗೆ ಬರೆದಿದ್ದಾರೆ ಅಂದರೆ ಯಾಕೆ ಅಂತ ಹಗ್ಗ ಹಿಡಿದವರಿಗೆ ಗೊತ್ತು. ತಪ್ಪು ಗಂಟು ಎಳೆದಷ್ಟೂ ಬಿಗಿಯುತ್ತೆ, ಬೇಕಾದಾಗ ಬಿಚ್ಚಲ್ಲ.

ಓಡಿಸಿ ಓಡಿಸಿ ಹಿಡಿದ ಜಿಂಕೆ ಕೈಗೆ ಸಿಕ್ಕಾಗ ಚೆನ್ನಾಗೇ ಇರುತ್ತೆ. ಒಂದೆರಡು ದಿನ ಬಿಟ್ಟು ಕಾಲು ಸೆಟೆದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಸಾಯುತ್ತೆ. ಭಯ ಮತ್ತು ದಣಿವಿನಿಂದ ಮಾಂಸಖಂಡವೇ ಒಡೆದು, ಅದರ ಬಣ್ಣ ರಕ್ತಕ್ಕೆ ಸೇರಿ ಮೂತ್ರಪಿಂಡ ಕಟ್ಟಿಹೋಗಿರುತ್ತೆ. ಹಿಡಿದದ್ದೇ ರೋಗ! ಹಕ್ಕಿಯನ್ನು ಪ್ರೀತಿಯಿಂದ ಮುಷ್ಟಿಯಲ್ಲಿ ಒತ್ತಿ ಹಿಡಿದರೆ ಉಸಿರು ಕಟ್ಟುತ್ತೆ, ಯಾಕಂದ್ರೆ ನಮ್ಮಂತೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆ ಅದಕ್ಕಿಲ್ಲ, ಎದೆಗೂಡು ಆಡಿದರೆ ಮಾತ್ರ ಉಸಿರು. ಹಾವಿಗೆ ಔಷಧ ಕೊಡುವ ಮೊದಲು ಅದನ್ನು ಬೆಚ್ಚಗಿಡಬೇಕು. ಮೈ ತಣ್ಣಗಿದ್ದರೆ ಔಷಧವೂ ಸರಿಯಾಗಿ ಕೆಲಸ ಮಾಡಲ್ಲ. ಅರಿವಳಿಕೆ ಕೊಟ್ಟ ಆನೆ ಎದೆಯ ಮೇಲೆ ಕುಸಿದು ಕೂತರೆ ತಕ್ಷಣ ಪಕ್ಕಕ್ಕೆ ಉರುಳಿಸಬೇಕು. ಅದರ ಶ್ವಾಸಕೋಶ ಎದೆಗೂಡಿನ ಗೋಡೆಗೇ ಅಂಟಿಕೊಂಡಿರುತ್ತೆ, ಎದೆ ಒತ್ತಿದರೆ ಉಸಿರಿಗೆ ಜಾಗವೇ ಇರಲ್ಲ.

ಇನ್ನು ಔಷಧ. ದೊಡ್ಡ ಪ್ರಾಣಿಗಳಿಗೆ ಬಳಸುವ ಎಟಾರ್ಫಿನ್ ಅನ್ನುವುದು ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ತೀಕ್ಷ್ಣ. ಆನೆಯನ್ನು ಮಲಗಿಸಲು ಕೆಲವೇ ಮಿಲಿಗ್ರಾಂ ಸಾಕು. ಡಾರ್ಟ್ ತುಂಬುವಾಗ ಡಾಕ್ಟರ ಕೈಗೇ ಸೂಜಿ ಚುಚ್ಚಿಕೊಂಡರೆ? ಅದಕ್ಕೇ ಅದರ ವಿರುದ್ಧದ ಔಷಧವನ್ನು ಪಕ್ಕದಲ್ಲೇ ಇಟ್ಟುಕೊಂಡು, ಇನ್ನೊಬ್ಬರನ್ನು ಜೊತೆಗೆ ನಿಲ್ಲಿಸಿಕೊಂಡು ಕೆಲಸ ಮಾಡುವುದು ನಿಯಮ.

ಇಂಥ ಒಂದೊಂದು ವಾಕ್ಯದ ಹಿಂದೆಯೂ ಎಲ್ಲೋ ಸತ್ತ ಪ್ರಾಣಿಗಳಿವೆ. ಝೂ ವೈದ್ಯಕೀಯದಲ್ಲಿ ಮರಣೋತ್ತರ ಪರೀಕ್ಷೆಗೆ ಅಷ್ಟೊಂದು ಬೆಲೆ ಇರುವುದು ಇದಕ್ಕೇ. ಸಾವಿರ ರೋಗಿಗಳ ಮೇಲೆ ಪರೀಕ್ಷೆ ನಡೆಸೋಣ ಅಂದರೆ ಘೇಂಡಾಮೃಗ ಎಲ್ಲಿಂದ ತರೋದು? ಒಂದೊಂದು ಸಾವೂ ಒಂದು ಪುಟ. ಪುಟ ಬರೆಯದಿದ್ದರೆ ಆ ಸಾವು ದಂಡ.

1978ರಲ್ಲೇ ಫೌಲರ್ ಸಂಪಾದಿಸಿದ ದೊಡ್ಡ ಪುಸ್ತಕ 'ಝೂ ಅಂಡ್ ವೈಲ್ಡ್ ಅನಿಮಲ್ ಮೆಡಿಸಿನ್' ಬಂತು. ಅದನ್ನು ಅವರೊಬ್ಬರೇ ಬರೆದದ್ದಲ್ಲ. ಎಲ್ಲೆಲ್ಲೋ ಇದ್ದ ವೈದ್ಯರ ತಲೆಯಲ್ಲಿದ್ದದ್ದನ್ನು ಕಾಗದಕ್ಕೆ ಇಳಿಸಿ ಒಂದೇ ಕಡೆ ಸೇರಿಸಿದ್ದು. 1986ರಲ್ಲಿ ಎರಡನೇ ಆವೃತ್ತಿ, ಆಮೇಲೆ ಒಂದರ ಮೇಲೊಂದು. ಈಗಿನ ಸಂಪುಟಗಳ ಹೆಸರಿನಲ್ಲೇ ಫೌಲರ್ ಇದ್ದಾರೆ. ಡೇವಿಸ್‌ನಲ್ಲಿ ವಿದ್ಯಾರ್ಥಿಗಳಿಗೆ ಪಾಠ, ಪಕ್ಕದ ಸ್ಯಾಕ್ರಮೆಂಟೊ ಮೃಗಾಲಯದಲ್ಲಿ ರೋಗಿಗಳು, ರಾತ್ರಿ ಬರಹ. ಬದುಕು ಹೀಗೇ ನಡೆದಿರಬೇಕು ಅಂತ ನನ್ನ ಊಹೆ.

ಆಮೇಲೆ ಅವರು ಲಾಮಾ, ಅಲ್ಪಾಕಗಳ ಹಿಂದೆ ಬಿದ್ದರು. ಅಮೆರಿಕದಲ್ಲಿ ಲಾಮಾ ಸಾಕುವವರು ಹೆಚ್ಚಾಗುತ್ತಿದ್ದ ಕಾಲ. ಮೆಲುಕು ಹಾಕುತ್ತಲ್ಲ, ದನದ ಹಾಗೇ ಇರಬೇಕು ಅಂದುಕೊಂಡರೆ ಹೊಟ್ಟೆಗೆ ನಾಲ್ಕರ ಬದಲು ಮೂರೇ ಕೋಣೆ. ರಕ್ತ ನೋಡಿದರೆ ಕೆಂಪು ಕಣ ದುಂಡಗಿಲ್ಲ, ಮೊಟ್ಟೆಯಾಕಾರ. 1989ರಲ್ಲಿ ಅದಕ್ಕೂ ಒಂದು ಪುಸ್ತಕ ಬಂತು. ನಿವೃತ್ತಿಯಾಗಿ ಎಷ್ಟೋ ವರ್ಷದ ನಂತರ, 2006ರಲ್ಲಿ, ಸೂಸನ್ ಮಿಕೋಟ ಜೊತೆ ಸೇರಿ ಆನೆಗಳ ವೈದ್ಯಕೀಯದ ಪುಸ್ತಕ ತಂದರು. ಆಗ ಅವರಿಗೆ ಎಪ್ಪತ್ತೆಂಟರ ಸುಮಾರು. 2014ರಲ್ಲಿ ತೀರಿಕೊಂಡರು.

ನಮ್ಮ ಐಟಿ ಕಡೆ ಡಾಕ್ಯುಮೆಂಟೇಶನ್ ಅಂದರೆ ರಿಲೀಸ್ ಮುಗಿದ ಮೇಲೆ, ಟೈಮ್ ಇದ್ದರೆ, ಹೊಸದಾಗಿ ಸೇರಿದ ಹುಡುಗನ ತಲೆಗೆ ಕಟ್ಟುವ ಕೆಲಸ. ಫೌಲರ್ ಅದನ್ನೇ ಮುಖ್ಯ ಕೆಲಸ ಅಂದುಕೊಂಡರು. ಒಬ್ಬ ಡಾಕ್ಟರ್ ಜೀವಮಾನದಲ್ಲಿ ಎಷ್ಟು ಪ್ರಾಣಿ ಮುಟ್ಟಬಹುದು? ಅದಕ್ಕೊಂದು ಮಿತಿ ಇದೆ. ಬರೆದಿಟ್ಟದ್ದಕ್ಕೆ ಆ ಮಿತಿ ಇಲ್ಲ.

"ಝೂ ಪ್ರಾಣಿಗಳಿಗೆ ಇಷ್ಟೆಲ್ಲ ಯಾಕೆ? ಕೂಡಿಹಾಕಿದ್ದೇ ನಾವು, ಕಾಯಿಲೆ ಬಂದದ್ದೂ ನಮ್ಮಿಂದ" ಅಂತ ಯಾರಾದರೂ ಕೇಳಿದರೆ ಆ ಮಾತಲ್ಲಿ ನಿಜ ಇದೆ. ಗಟ್ಟಿ ನೆಲದ ಮೇಲೆ ದಿನವಿಡೀ ನಿಂತ ಆನೆಯ ಕಾಲು ಕೊಳೆಯುವುದನ್ನು ಈ ವೈದ್ಯರೇ ಮೊದಲು ನೋಡಿದವರು, ನೆಲ ಬದಲಿಸಿ, ಓಡಾಡಲು ಜಾಗ ಕೊಡಿ ಅಂತ ಹೇಳುತ್ತಾ ಬಂದವರೂ ಅವರೇ. ಆದರೆ ಈ ಜ್ಞಾನ ಝೂ ಬೇಲಿಯೊಳಗೇ ಉಳಿಯಲ್ಲ. ನಮ್ಮ ರಣಹದ್ದುಗಳ ಕಥೆ ನೋಡಿ.

1990ರ ದಶಕದಿಂದ ಭಾರತದಲ್ಲಿ ರಣಹದ್ದುಗಳು ಮಾಯವಾಗತೊಡಗಿದವು. ಬಿಳಿ ಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಕಡಿಮೆಯಾಯಿತು. ಯಾವುದೋ ವೈರಸ್ ಇರಬೇಕು ಅಂತ ತುಂಬ ಜನ ಅಂದುಕೊಂಡಿದ್ದರು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಅಧ್ಯಾಪಕ ಲಿಂಡ್ಸೆ ಓಕ್ಸ್ ಮತ್ತು ತಂಡ ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿ, 2004ರಲ್ಲಿ ಕಾರಣ ಹೇಳಿದರು: ಡೈಕ್ಲೋಫೆನಾಕ್. ನೋವು ಕಡಿಮೆಯಾಗಲಿ ಅಂತ ದನಕ್ಕೆ ಕೊಡುವ ಅಗ್ಗದ ಔಷಧ. ದನಕ್ಕೆ ಏನೂ ಆಗಲ್ಲ. ಆ ದನ ಸತ್ತ ಮೇಲೆ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತೆ. 2006ರಲ್ಲಿ ಭಾರತ ಪಶುಚಿಕಿತ್ಸೆಗೆ ಅದರ ತಯಾರಿಕೆ ನಿಲ್ಲಿಸಿತು. ಬದಲಿಗೆ ಬಂದ ಮೆಲಾಕ್ಸಿಕಾಮ್ ಸುರಕ್ಷಿತ ಅಂತ ಗೊತ್ತಾದದ್ದು ಸೆರೆಯಲ್ಲಿದ್ದ ರಣಹದ್ದುಗಳಿಗೆ ಕೊಟ್ಟು ನೋಡಿದ ಮೇಲೆ. ವೀಕೆಂಡಿಗೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದವರು 'ಶೋಲೆ' ಬಂಡೆಗಳ ಫೋಟೊ ತೆಗೆದು ಬರ್ತೀವಲ್ಲ, ಅದೇ ಬೆಟ್ಟ 2012ರಿಂದ ರಣಹದ್ದು ಧಾಮ. ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಉದ್ದ ಕೊಕ್ಕಿನ ಹದ್ದುಗಳು.

ಟಸ್ಕೊಗೂ ಹದ್ದಿಗೂ ಆದದ್ದು ಒಂದೇ. ಅದಕ್ಕೆ ಸರಿಹೋಯಿತು, ಇದಕ್ಕೂ ಸರಿಹೋಗುತ್ತೆ ಅನ್ನುವ ನಂಬಿಕೆ.

ನಮ್ಮ ದೇಶದಲ್ಲೂ ಇಂಥ ಮೇಷ್ಟ್ರುಗಳಿದ್ದಾರೆ. ಗುವಾಹಟಿಯ ಖಾನಾಪಾರಾ ಪಶುವೈದ್ಯ ಕಾಲೇಜಿನ ಡಾ. ಕುಶಲ್ ಕೊನ್ವರ್ ಶರ್ಮಾ ಪಾಠ ಮಾಡುತ್ತಲೇ ಅಸ್ಸಾಮಿನ ಆನೆಗಳಿಗೆ ಚಿಕಿತ್ಸೆ ಕೊಡುತ್ತಾ ಬಂದವರು. 2020ರಲ್ಲಿ ಪದ್ಮಶ್ರೀ ಬಂದಾಗ ಅವರ ಹೆಸರು ನಮ್ಮಲ್ಲೂ ಕೆಲವರ ಕಿವಿಗೆ ಬಿತ್ತು. ಹಾಸನ, ಕೊಡಗಿನ ಕಡೆಯಿಂದ "ಅರಿವಳಿಕೆ ಚುಚ್ಚುಮದ್ದು ನೀಡಿ ಕಾಡಾನೆ ಸೆರೆ" ಅನ್ನುವ ಸುದ್ದಿ ಮಾತ್ರ ನಾವೆಲ್ಲ ಮೊಬೈಲಲ್ಲಿ ಆಗಾಗ ಓದ್ತಾನೇ ಇರ್ತೀವಿ. ಮೂವತ್ತು ಸೆಕೆಂಡಿನ ವಿಡಿಯೋ ನೋಡಿ ಮುಂದಕ್ಕೆ ಸರಿಸ್ತೀವಿ.

ಇನ್ನೊಮ್ಮೆ ಆ ಸುದ್ದಿ ಬಂದಾಗ ಒಂದು ವಿಷಯ ನೆನಪಿಸಿಕೊಳ್ಳಿ. ಕಾಫಿ ತೋಟದ ನೆರಳಲ್ಲಿ ನಿಂತ ಆನೆಯನ್ನು ತಕ್ಕಡಿಗೆ ಹತ್ತಿಸಲು ಆಗಲ್ಲ. ಆನೆ ಬಲ್ಲವರ ಹಳೇ ಲೆಕ್ಕ ಒಂದಿದೆ: ಮುಂಗಾಲಿನ ಹೆಜ್ಜೆ ಗುರುತಿನ ಸುತ್ತಳತೆಯ ಎರಡು ಪಟ್ಟು ಅಂದರೆ ಹೆಚ್ಚುಕಮ್ಮಿ ಭುಜದವರೆಗಿನ ಎತ್ತರ. ಎತ್ತರದಿಂದ ತೂಕದ ಅಂದಾಜು, ತೂಕದಿಂದ ಡೋಸ್. ಕೆಸರಿನಲ್ಲಿ ಮಂಡಿಯೂರಿ ಆ ಹೆಜ್ಜೆಗೆ ದಾರ ಸುತ್ತಿ ಅಳೆದು, ಎಷ್ಟು ಮಿಲಿಗ್ರಾಂ ಅಂತ ಒಬ್ಬರು ತೀರ್ಮಾನ ಮಾಡಬೇಕು. ಕಡಿಮೆಯಾದರೆ ಎದುರಿಗಿದ್ದ ಜನರ ಜೀವ, ಹೆಚ್ಚಾದರೆ ಆನೆಯ ಜೀವ. ಆ ಹೊತ್ತಿಗೆ ಅವರ ಜೊತೆಗಿರುವುದು ಹಿಂದಿನವರು ಬರೆದಿಟ್ಟು ಹೋದದ್ದು.