ಭಾಷೆಯ ಮಡು

ಈಜು ಕಲಿಯುವ ಹುಡುಗನ ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಬಾವಿಗಿಳಿಸುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಬುರುಡೆ ಇರುವ ತನಕ ಹುಡುಗನಿಗೆ ನೀರಿನ ಭಯವೂ ಇಲ್ಲ, ಈಜಿನ ವಿದ್ಯೆಯೂ ಇಲ್ಲ; ಅದನ್ನು ಬಿಚ್ಚಿದ ದಿನವೇ ನಿಜವಾದ ಪಾಠ. ಪರಭಾಷೆಯೊಂದನ್ನು ಅದರ ನಾಡಿಗೇ ಹೋಗಿ, ಅದನ್ನಾಡುವವರ ಮನೆಯಲ್ಲಿ ಉಂಡು ಮಲಗಿ ಕಲಿಯುವ ಕ್ರಮವನ್ನು ಕುರಿತು ಯೋಚಿಸಿದಾಗಲೆಲ್ಲ ನನಗೆ ಈ ಬುರುಡೆಯ ನೆನಪಾಗುತ್ತದೆ.

ಸ್ಪ್ಯಾನಿಷ್ ಭಾಷೆಯನ್ನು ಹೀಗೆ ಕಲಿಯಬಯಸುವವರು ಸ್ಪೇನಿನ ಸಾಲಮಾಂಕಕ್ಕೆ ಹೋಗುವುದುಂಟು. ಅಲ್ಲಿಯ ವಿಶ್ವವಿದ್ಯಾನಿಲಯ 1218ರಷ್ಟು ಹಳೆಯದು. ಆದರೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿರುವ ಆಂಟಿಗುವಾ ಎಂಬ ಪುಟ್ಟ ಊರು ಈ ವಿಷಯದಲ್ಲಿ ಗಳಿಸಿರುವ ಹೆಸರು ಸಾಮಾನ್ಯವಾದುದಲ್ಲ. ಒಂದು ಕಾಲಕ್ಕೆ ಅದು ರಾಜಧಾನಿ. 1773ರ ಭೂಕಂಪದಲ್ಲಿ ಕುಸಿದ ಮೇಲೆ ರಾಜಧಾನಿ ಬೇರೆಡೆಗೆ ಹೋಯಿತು. ಕಲ್ಲುಹಾಸಿನ ಬೀದಿಗಳೂ ಮುರಿದ ಚರ್ಚುಗಳೂ ಮೂರು ಜ್ವಾಲಾಮುಖಿಗಳ ನೋಟವೂ ಊರಿಗುಳಿದವು. ಇಂದು ಅಲ್ಲಿ ಸ್ಪ್ಯಾನಿಷ್ ಶಾಲೆಗಳು ಹಲವು. ಒಬ್ಬ ವಿದ್ಯಾರ್ಥಿಗೆ ಒಬ್ಬ ಉಪಾಧ್ಯಾಯರು. ಬೆಳಗಿನ ನಾಲ್ಕೈದು ಗಂಟೆ ಎದುರುಬದುರಾಗಿ ಕುಳಿತು ಪಾಠ. ಉಳಿದ ಹೊತ್ತು ಒಂದು ಕುಟುಂಬದ ನಡುವೆ, ಕರಿಯ ಕಾಳಿನ ಸಾರು ಮತ್ತು ಮುಸುಕಿನ ಜೋಳದ ರೊಟ್ಟಿಗಳೊಡನೆ.

ಇಷ್ಟೆಲ್ಲ ಅನುಕೂಲವಿದ್ದೂ ಬರಿಗೈಯಲ್ಲಿ ಹಿಂದಿರುಗುವವರಿದ್ದಾರೆ. ಪಾಠ ಮುಗಿದೊಡನೆ ಅವರು ಕಾಫಿ ಅಂಗಡಿಯಲ್ಲಿ ಇತರ ಪರದೇಶಿಗಳನ್ನು ಕೂಡಿಕೊಂಡು ಇಂಗ್ಲಿಷಿನಲ್ಲಿ ಹರಟುತ್ತಾರೆ. ಬಿಚ್ಚಿದ ಬುರುಡೆಯನ್ನು ಮತ್ತೆ ಬಿಗಿದುಕೊಳ್ಳುತ್ತಾರೆ. ಅವರನ್ನು ಪೂರ್ತಿಯಾಗಿ ದೂರುವುದೂ ಸರಿಯಲ್ಲ. ತನ್ನ ಭಾಷೆಯಲ್ಲಿ ಪಂಡಿತನೆನಿಸಿಕೊಂಡವನು ಊಟದ ಮೇಜಿನಲ್ಲಿ ಉಪ್ಪು ಬೇಡಲು ತಡವರಿಸಬೇಕು, ಆ ಮನೆಯ ಮೂರು ವರುಷದ ಮಗುವಿಗಿಂತ ಕಡೆಯಾಗಬೇಕು. ಮನೆಯವರ ನಗು ಅಕ್ಕರೆಯದೇ ಆದರೂ ಚುಚ್ಚುತ್ತದೆ. ಈ ಕಲಿಕೆಯ ನಿಜವಾದ ಬೆಲೆ ಅದು. ಶಾಲೆಗೆ ತೆತ್ತ ಹಣವಲ್ಲ.

ಕನ್ನಡಿಗನಿಗಂತೂ ಇಂಗ್ಲಿಷಿನ ಬುರುಡೆ ಇಲ್ಲಿ ತೊಡಕನ್ನೇ ತರುತ್ತದೆ. 'ನಾನು ಕಾಫಿಯನ್ನು ಮೆಚ್ಚುತ್ತೇನೆ' ಎನ್ನುವುದು ಇಂಗ್ಲಿಷಿನ ಜಾಡು. ಸ್ಪ್ಯಾನಿಷಿನ 'ಮೆ ಗುಸ್ತಾ ಎಲ್ ಕಫೆ' ನಮ್ಮ 'ನನಗೆ ಕಾಫಿ ಹಿಡಿಸುತ್ತದೆ' ಎಂಬುದರ ಒಡಹುಟ್ಟು. 'ಮೆ ದುಯೆಲೆ ಲಾ ಕಬೇಸಾ' ಎಂದರೆ 'ನನಗೆ ತಲೆ ನೋಯುತ್ತದೆ'; ಅಲ್ಲಿಯೂ ನೋಯುವುದು ತಲೆ, ನೋವು ತಟ್ಟುವುದು ನನಗೆ. ಗ್ವಾಟೆಮಾಲಾದಲ್ಲಿ ಎದುರಿನವರನ್ನು ಕರೆಯಲು 'ವೊಸ್', 'ತು', 'ಉಸ್ತೆದ್' ಎಂಬ ಮೂರು ಮಾತುಗಳಿವೆ. ನೀನು, ನೀವು, ತಾವುಗಳ ನಡುವೆ ಬೆಳೆದವನಿಗೆ ಆ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕೆ? ಆದರೂ ನಾವು ಕನ್ನಡವನ್ನು ಮರೆತು ಇಂಗ್ಲಿಷಿನ ದಾರಿಯಲ್ಲೇ ಅಲ್ಲಿಗೆ ಹೋಗಿ ಎಡವುತ್ತೇವೆ. ಎಲ್ಲವೂ ಹೀಗೆ ಸುಲಭವೆಂದಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬುದನ್ನು ಯಾವ ತರ್ಕವೂ ಹೇಳಿಕೊಡಲಾರದು.

ಆದರೆ ಆಂಟಿಗುವಾದಲ್ಲಿ ಈ ಮಡುವಿಗಿಳಿದವರು ಹೊರಗಿನಿಂದ ಬಂದವರಷ್ಟೇ ಅಲ್ಲ. ಗ್ವಾಟೆಮಾಲಾದಲ್ಲಿ 22 ಮಾಯಾ ಭಾಷೆಗಳು ಬದುಕಿವೆ. ಆಂಟಿಗುವಾದ ಸುತ್ತಣ ಸೀಮೆ ಕಕ್ಚಿಕೆಲ್ ಭಾಷೆಯದು. ಆ ಹಳ್ಳಿಗಳ ಮಕ್ಕಳು ತಲೆಮಾರುಗಳ ಕಾಲ ಸ್ಪ್ಯಾನಿಷೊಂದನ್ನೇ ಬಲ್ಲ ಶಾಲೆಗಳಲ್ಲಿ ಕುಳಿತು, ತಿಳಿಯದ ಮಾತಿನಲ್ಲಿ ಅಕ್ಷರ ತಿದ್ದಬೇಕಾಯಿತು. ಅವರಿಗೆ ಬುರುಡೆಯೂ ಇರಲಿಲ್ಲ, ಹಿಂದಿರುಗುವ ಟಿಕೆಟ್ಟೂ ಇರಲಿಲ್ಲ. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತವರೂ ಕಾಣೆಯಾದವರೂ ಕೂಡಿ ಎರಡು ಲಕ್ಷಕ್ಕೂ ಹೆಚ್ಚೆಂದು 1999ರಲ್ಲಿ ಸತ್ಯಶೋಧನ ಆಯೋಗ ವರದಿ ಮಾಡಿತು; ಗುರುತು ಸಿಕ್ಕಿದವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಅವರ ಭಾಷೆಗಳನ್ನು ರಾಷ್ಟ್ರಭಾಷೆಗಳೆಂದು ಕಾನೂನು ಮನ್ನಿಸಿದ್ದು 2003ರಲ್ಲಿ. ಒಂದು ತಿಂಗಳ ಮೂಕತನಕ್ಕೆ ತನ್ನನ್ನೇ ಮರುಗಿಕೊಳ್ಳುವ ವಿದ್ಯಾರ್ಥಿಗೆ ಈ ಸಂಗತಿಗಳನ್ನು ಮೊದಲ ವಾರದಲ್ಲೇ ತಿಳಿಸಬೇಕು, ಕ್ರಿಯಾಪದಗಳ ಪಟ್ಟಿ ಎರಡನೆಯ ವಾರಕ್ಕಿರಲಿ ಎಂಬುದು ನನ್ನ ಅಭಿಪ್ರಾಯ.

ಈ ಎರಡು ಬಗೆಯ ಕಲಿಕೆಗಳನ್ನು ಒಂದಕ್ಕೊಂದು ನೆರವಾಗಿಸಿದ ಸಂಸ್ಥೆಯೂ ಆ ಊರಿನಲ್ಲಿದೆ. 1969ರಲ್ಲಿ ಆರಂಭವಾದ ಫ್ರಾನ್ಸಿಸ್ಕೊ ಮರ್ರೊಕೀನ್ ಭಾಷಾ ಯೋಜನೆ ಮಾಯಾ ಜನರಿಗೇ ಭಾಷಾಶಾಸ್ತ್ರವನ್ನು ಕಲಿಸಿ, ಅವರ ನುಡಿಗಳ ನಿಘಂಟುಗಳನ್ನು ಅವರಿಂದಲೇ ಮಾಡಿಸತೊಡಗಿತು. ಪರದೇಶದವರಿಗೆ ಸ್ಪ್ಯಾನಿಷ್ ಕಲಿಸಿ ಬಂದ ಹಣ ಆ ಕೆಲಸಕ್ಕೆ ಒದಗಿತು. ನಮ್ಮ ವಿದ್ಯಾರ್ಥಿಯೊಬ್ಬನು ಅಲ್ಲಿಗೆ ಹೋದರೆ ಒಂದು ದಿನ ಸಂತೆಗೂ ಹೋಗಿ ಬರಲಿ. ಹಣ್ಣು ಕೊಂಡು 'ಗ್ರಾಸಿಯಾಸ್' ಎಂದ ಮೇಲೆ ಕಕ್ಚಿಕೆಲ್ಲಿನ 'ಮತ್ಯೋಶ್' ಎಂಬ ಮಾತನ್ನೂ ಅಂದು ನೋಡಲಿ. ಅವನ ಉಚ್ಚಾರಣೆ ಕೇಳಿ ಮಾರುವಾಕೆ ನಕ್ಕರೆ ನಗಲಿ.