ಕಾರ್ಖಾನೆಯ ಲೆಕ್ಕ ಹೊಲದ ಬದುವಿನಿಂದ ಆರಂಭವಾಗಲಿ

ಅರ್ಥಶಾಸ್ತ್ರ, ಉತ್ಪಾದನಾ ನಿರ್ವಹಣೆ, ತಯಾರಿಕಾ ತಂತ್ರಜ್ಞಾನ ಇವೆಲ್ಲ ಪಟ್ಟಣದ ವಿದ್ಯೆಗಳು, ಒಕ್ಕಲುತನಕ್ಕೂ ಅವಕ್ಕೂ ಸಂಬಂಧವಿಲ್ಲ ಎಂಬ ಭಾವನೆ ನಮ್ಮ ರೈತ ಬಾಂಧವರಲ್ಲಿ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಹೊಲದಲ್ಲಿ ಬೆಳೆದ ಮಾಲು ಕಾರ್ಖಾನೆಯ ಬಾಗಿಲಿಗೆ ಹೋದಲ್ಲೆಲ್ಲ ಈ ಮೂರು ವಿದ್ಯೆಗಳು ರೈತನ ಜೇಬನ್ನು ಮುಟ್ಟಿಯೇ ಮುಟ್ಟುತ್ತವೆ. ಮಾಲನ್ನು ಯಾವಾಗ ಕೊಳ್ಳಬೇಕು, ಎಷ್ಟು ದಾಸ್ತಾನು ಇಡಬೇಕು, ಗಾಡಿಗಳನ್ನು ಎಷ್ಟು ಹೊತ್ತು ನಿಲ್ಲಿಸಬಹುದು, ಒಂದು ಟನ್ ಕಚ್ಚಾ ಮಾಲಿನಿಂದ ಎಷ್ಟು ಸರಕು ಇಳಿಯುತ್ತದೆ ಎಂಬುದನ್ನು ಕಾರ್ಖಾನೆಯವರು ಶಾಸ್ತ್ರೋಕ್ತವಾಗಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಇನ್ನೊಂದು ತುದಿಯಲ್ಲಿ ನಿಂತಿರುವ ರೈತನಿಗೆ ಮಾತ್ರ ಲೆಕ್ಕ ಹಾಕಿಕೊಡುವವರು ಇಲ್ಲ. ನಮ್ಮ ವಿಶ್ವವಿದ್ಯಾಲಯಗಳೂ ಆಡಳಿತ ನಿರ್ವಹಣಾ ಸಂಸ್ಥೆಗಳೂ ಈ ಕೊರತೆಯನ್ನು ತುಂಬಬೇಕು ಎಂಬುದೇ ಈ ಲೇಖನದ ವಾದ.

ಕುಮಾರಪಟ್ಟಣ ಕಲಿಸಿದ ಪಾಠ

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ ತುಂಗಭದ್ರೆಯ ಈ ದಡದಲ್ಲಿದೆ, ಹರಿಹರ ಆ ದಡದಲ್ಲಿದೆ. 1956ರ ಏಕೀಕರಣಕ್ಕೆ ಮೊದಲು ಈ ದಡ ಮುಂಬಯಿ ರಾಜ್ಯಕ್ಕೂ ಆ ದಡ ಮೈಸೂರು ರಾಜ್ಯಕ್ಕೂ ಸೇರಿದ್ದವು. 1970ರ ದಶಕದಲ್ಲಿ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಎದ್ದಿತು. ಮರದ ತುಂಡುಗಳನ್ನು ರಾಸಾಯನಿಕಗಳಲ್ಲಿ ಬೇಯಿಸಿ ತಿರುಳು ತೆಗೆಯುವುದು, ಆ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ಗಳಿಂದ ಕರಗಿಸಿ ಸಣ್ಣ ರಂಧ್ರಗಳ ಮೂಲಕ ಆಮ್ಲದ ತೊಟ್ಟಿಗೆ ಹಾಯಿಸಿ ಎಳೆ ಮಾಡುವುದು, ಇದು ವಿಸ್ಕೋಸ್ ಎಂಬ ನಾರಿನ ತಯಾರಿಕೆಯ ಕ್ರಮ. 1892ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಈ ವಿಧಾನ ಹತ್ತಿಯ ನಾಡಾದ ನಮ್ಮ ಜಿಲ್ಲೆಗೆ ಮರದಿಂದ ಬಟ್ಟೆ ಮಾಡುವ ಉದ್ಯಮವನ್ನು ತಂದಿತು. ಸಾವಿರಾರು ಜನಕ್ಕೆ ಕೆಲಸ ಕೊಟ್ಟಿತು. ಅದನ್ನು ಅಲ್ಲಗಳೆಯುವಂತಿಲ್ಲ.

ಇಂಥ ಕಾರ್ಖಾನೆಗೆ ವರ್ಷವಿಡೀ ಮರ ಬೇಕು. ಬೇಗ ಬೆಳೆಯುವ ನೀಲಗಿರಿ ಅದಕ್ಕೆ ಒದಗಿತು. 1984ರಲ್ಲಿ ಸರಕಾರಿ ನಿಗಮ ಹಾಗೂ ಕಾರ್ಖಾನೆಯ ಜಂಟಿ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಸ್ಥಾಪನೆಯಾಯಿತು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಸರಕಾರಿ ಭೂಮಿಯಲ್ಲಿ ಕಾರ್ಖಾನೆಗಾಗಿ ಮರ ಬೆಳೆಸುವುದು ಅದರ ಉದ್ದೇಶ. ಕಾಗದದ ಮೇಲೆ ಈ ಯೋಜನೆಯ ಲೆಕ್ಕ ಸರಿಯಾಗಿಯೇ ಇತ್ತು: ಪಾಳುಬಿದ್ದ ಭೂಮಿ ಹಸಿರಾಗುತ್ತದೆ, ಕಾರ್ಖಾನೆಗೆ ಮರ ಸಿಗುತ್ತದೆ, ಸರಕಾರಕ್ಕೆ ಆದಾಯ ಬರುತ್ತದೆ. ಆದರೆ ಪಾಳು ಎಂದು ಬರೆದ ಆ ಭೂಮಿಯಲ್ಲಿ ಊರಿನ ದನಕರು ಮೇಯುತ್ತಿದ್ದವು, ಬಡವರು ಉರುವಲು, ಸೊಪ್ಪು, ಹಣ್ಣು ತರುತ್ತಿದ್ದರು. ಆ ಬಾಬುಗಳಿಗೆ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ.

ಕಾಲಮ್ ಇಲ್ಲದ ಖರ್ಚು ಬೀದಿಗೆ ಬಂತು. ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನರು ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟು 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಮಾಡಿದರು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಏಳು ವರ್ಷಗಳ ಶ್ರಮ, ಹಣ, ಸಸಿ, ಕೋರ್ಟಿನ ಖರ್ಚು ಎಲ್ಲವೂ ವ್ಯರ್ಥವಾದವು. ನದಿಯ ನೀರಿನ ಬಗೆಗೂ ಆ ದಶಕದಲ್ಲಿ ಇದೇ ಬಗೆಯ ದೂರು, ಚಳವಳಿ ನಡೆದವು. ಮೊದಲ ದಿನವೇ ಊರಿನ ಬಾಬುಗಳನ್ನು ಲೆಕ್ಕಕ್ಕೆ ಹಿಡಿದಿದ್ದರೆ ಯೋಜನೆಯ ರೂಪವೇ ಬೇರೆಯಾಗುತ್ತಿತ್ತು.

ಹಾಗೆ ಲೆಕ್ಕ ಹಾಕುವುದು ಅಸಾಧ್ಯವೇನಲ್ಲ. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯಿಂದ 1981ರಲ್ಲಿಯೇ ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯದ ಮೇಲೆ ಒಂದು ಅಧ್ಯಯನ ಹೊರಬಂದಿತ್ತು. ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ, ಜಯಂತ ಬಂದ್ಯೋಪಾಧ್ಯಾಯ ಅದನ್ನು ನಡೆಸಿದರು. ರಾಗಿಯ ಹೊಲಗಳಿಗೆ ನೀಲಗಿರಿ ಬಂದಾಗ ಊಟದ ಕಾಳು ಮತ್ತು ಕೂಲಿಯ ಕೆಲಸ ಎರಡೂ ಕಡಿಮೆಯಾಗುತ್ತವೆ ಎಂಬುದನ್ನು ಅದು ಎತ್ತಿ ತೋರಿಸಿತು. ಅದರ ನಿರ್ಣಯಗಳನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆಳು ಸಿಗದ ರೈತ ನೀಲಗಿರಿಯನ್ನು ಆರಿಸಿಕೊಂಡದ್ದಕ್ಕೂ ಅವನದೇ ಕಾರಣಗಳಿದ್ದವು. ಆದರೆ ಪ್ರಶ್ನೆಯನ್ನು ಹೊಲದಲ್ಲಿ ನಿಂತು ಕೇಳಲಾಯಿತು ಎಂಬುದು ಮುಖ್ಯ. ಅಂಥ ಪ್ರಶ್ನೆಗಳು ಇಂದು ಇನ್ನೂ ಹೆಚ್ಚು ಬೇಕಾಗಿವೆ. ಮುಖ್ಯವಾಗಿ ಮೂರು ಲೆಕ್ಕಗಳು ಆಗಬೇಕು.

ಮೊದಲನೆಯದು: ಭೂಮಿಯ ಕಾಲದ ಲೆಕ್ಕ

1849ರಷ್ಟು ಹಿಂದೆಯೇ ಜರ್ಮನಿಯ ಅರಣ್ಯಾಧಿಕಾರಿ ಮಾರ್ಟಿನ್ ಫೌಸ್ಟ್‌ಮನ್ ಒಂದು ಸರಳ ಮಾತನ್ನು ಗಣಿತದಲ್ಲಿ ಹೇಳಿದ. ಮರ ಬೆಳೆಯುವಷ್ಟು ವರ್ಷ ಭೂಮಿಯೂ ದುಡಿಯುತ್ತಿರುತ್ತದೆ, ಆದ್ದರಿಂದ ಭೂಮಿಯ ಬಾಡಿಗೆಯನ್ನೂ ಹಣದ ಬಡ್ಡಿಯನ್ನೂ ಮರದ ಬೆಲೆಯಲ್ಲಿ ಹಿಡಿಯಬೇಕು ಎಂದ. ನಮ್ಮಲ್ಲಿ ವ್ಯಾಪಾರಿ ಬಂದು ನಿಂತ ಮರಕ್ಕೆ ಕಣ್ಣಂದಾಜಿನಲ್ಲಿ ಬೆಲೆ ಹೇಳಿದಾಗ, ಒಮ್ಮೆಲೇ ಕೈಗೆ ಬರುವ ದೊಡ್ಡ ಮೊತ್ತ ರೈತನಿಗೆ ಲಾಭವೆಂದೇ ತೋರುತ್ತದೆ. ಅದನ್ನು ಐದಾರು ವರ್ಷಗಳಿಗೆ ಹಂಚಿ, ಅದೇ ಹೊಲದಲ್ಲಿ ಗೋವಿನಜೋಳ ಅಥವಾ ಹತ್ತಿ ಬೆಳೆದಿದ್ದರೆ ಪ್ರತಿ ವರ್ಷ ಉಳಿಯುತ್ತಿದ್ದ ಹಣದೊಡನೆ ಹೋಲಿಸಿ ನೋಡಬೇಕು. ನೆರಳು ಮತ್ತು ಬೇರಿನಿಂದ ಬದುವಿನಾಚೆಯ ಪೈರಿಗೆ ಆದ ನಷ್ಟವನ್ನೂ, ಮರ ಕಡಿದ ಮೇಲೆ ಬೊಡ್ಡೆ ಕೀಳಿಸಿ ಹೊಲ ಹಸನು ಮಾಡುವ ಖರ್ಚನ್ನೂ ಕಳೆಯಬೇಕು. ಆಗ ಮಾತ್ರ ನಿಜವಾದ ಉತ್ತರ ಸಿಗುತ್ತದೆ.

2017ರಲ್ಲಿ ರಾಜ್ಯ ಸರಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿ ಆದೇಶ ಹೊರಡಿಸಿದೆ. ಆದರೆ ಸರ್ವೆ, ಸುಬಾಬುಲ್, ಹೆಬ್ಬೇವು ಮುಂತಾದ ಮರಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಉಳಿಯುತ್ತದೆ. ಮಸಾರಿ ಭೂಮಿಗೆ ಒಂದು, ಎರೆಭೂಮಿಗೆ ಒಂದು, ನೀರಾವರಿಗೆ ಒಂದು, ಹೀಗೆ ರೈತನೇ ಓದಿ ತಿಳಿಯುವಂಥ ಕೋಷ್ಟಕಗಳನ್ನು ನಮ್ಮ ಕೃಷಿ ಅರ್ಥಶಾಸ್ತ್ರಜ್ಞರು ಕನ್ನಡದಲ್ಲಿ ಸಿದ್ಧಪಡಿಸಿಕೊಡಬೇಕು.

ಎರಡನೆಯದು: ಕಾಯುವಿಕೆಯ ಲೆಕ್ಕ

ಕಬ್ಬಿನ ಹಂಗಾಮಿನಲ್ಲಾಗಲಿ, ಹತ್ತಿಯ ಹಂಗಾಮಿನಲ್ಲಾಗಲಿ, ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತದ್ದನ್ನು ಎಲ್ಲರೂ ಕಂಡಿದ್ದೇವೆ. ಸರದಿಯ ಬಗ್ಗೆ ಒಂದು ಶಾಸ್ತ್ರವೇ ಇದೆ. 1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಟೆಲಿಫೋನ್ ಕರೆಗಳ ಸರದಿಯನ್ನು ಅಭ್ಯಾಸ ಮಾಡಿ ಇದಕ್ಕೆ ಬುನಾದಿ ಹಾಕಿದ. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಒಂದು ಸೂತ್ರವನ್ನು ಸಾಧಿಸಿ ತೋರಿಸಿದ. ನಾಲ್ಕನೇ ಇಯತ್ತೆಯ ಗಣಿತ ಬಲ್ಲವರೂ ಅದನ್ನು ಬಳಸಬಹುದು. ಅಂಗಳದಲ್ಲಿ ನಿಂತ ಗಾಡಿಗಳ ಸಂಖ್ಯೆಯನ್ನು ಗಂಟೆಗೆ ಖಾಲಿಯಾಗುವ ಗಾಡಿಗಳ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದು ಗಾಡಿ ಸರಾಸರಿ ಎಷ್ಟು ಗಂಟೆ ಕಾಯುತ್ತದೆ ಎಂಬುದು ತಿಳಿಯುತ್ತದೆ.

ಅಂಗಳದಲ್ಲಿ ಸದಾ 60 ಗಾಡಿಗಳಿದ್ದು, ಗಂಟೆಗೆ 12 ಖಾಲಿಯಾಗುತ್ತವೆ ಎಂದು ಇಟ್ಟುಕೊಳ್ಳೋಣ. ಆಗ ಕಾಯುವಿಕೆ 5 ಗಂಟೆ. ಗಾಡಿ ಮತ್ತು ಚಾಲಕನ ಬಾಡಿಗೆ ಗಂಟೆಗೆ 200 ರೂಪಾಯಿಯಾದರೆ ಪ್ರತಿ ಗಾಡಿಗೆ 1000 ರೂಪಾಯಿ. ದಿನಕ್ಕೆ 10 ಗಂಟೆ ಕೆಲಸ ನಡೆದರೆ 120 ಗಾಡಿಗಳಿಂದ 1,20,000 ರೂಪಾಯಿ. ಇದಿಷ್ಟೂ ಬೆಳೆಗಾರರ ಜೇಬಿನಿಂದ ಹೋಗುತ್ತದೆ, ಕಾರ್ಖಾನೆಯ ಪುಸ್ತಕದಲ್ಲಿ ಒಂದು ಪೈಸೆಯೂ ಕಾಣುವುದಿಲ್ಲ. ಯಂತ್ರ ನಿಲ್ಲಬಾರದೆಂದು ಅಂಗಳ ತುಂಬಿಸಿಡುವುದು ಕಾರ್ಖಾನೆಗೆ ಪುಕ್ಕಟೆ ಎನಿಸುವುದು ಇದರಿಂದಲೇ. ಈ ಹಣವನ್ನು ಲೆಕ್ಕಕ್ಕೆ ತಂದರೆ, ಬೆಳೆಗಾರರಿಗೆ ಬರುವ ವೇಳೆಯನ್ನು ಮುಂಚೆಯೇ ಚೀಟಿಯಲ್ಲಿ ಬರೆದುಕೊಡುವುದು, ಇನ್ನೊಂದು ಕಾಟಾ ಹಾಕಿಸುವುದು ಎಷ್ಟು ಅಗ್ಗದ ಪರಿಹಾರವೆಂಬುದು ತಾನಾಗಿಯೇ ಹೊಳೆಯುತ್ತದೆ.

ಮೂರನೆಯದು: ತೂಕ ಮತ್ತು ಗುಣದ ಲೆಕ್ಕ

ಆಗ ತಾನೇ ಕಡಿದ ಹಸಿ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. 10 ಟನ್ ಹಸಿ ಮರದಲ್ಲಿ 5 ಟನ್ ಒಣ ಪದಾರ್ಥ ಇದೆ ಎನ್ನೋಣ. ಅದು ನೀರಿನ ಅಂಶ ನೂರಕ್ಕೆ 30ಕ್ಕೆ ಇಳಿಯುವಷ್ಟು ಒಣಗಿದರೆ ತೂಕ 7.14 ಟನ್ನಿಗೆ ಇಳಿಯುತ್ತದೆ. ಟನ್ನಿಗೆ 4000 ರೂಪಾಯಿಯಂತೆ ಬರೀ ತೂಕದ ಮೇಲೆ ಬೆಲೆ ಕಟ್ಟಿದರೆ 40,000 ಬರಬೇಕಾದಲ್ಲಿ 28,560 ರೂಪಾಯಿ ಬರುತ್ತದೆ. ನಷ್ಟ 11,440 ರೂಪಾಯಿ. ಕಾರ್ಖಾನೆಗೆ ಸಿಗುವ ನಾರಿನಲ್ಲಿ ಮಾತ್ರ ಎಳ್ಳಷ್ಟೂ ಕಡಿಮೆಯಾಗಿಲ್ಲ. ಕಾಯಿಸಿದಷ್ಟೂ ಒಣಗುತ್ತದೆ, ಒಣಗಿದಷ್ಟೂ ಬೆಳೆಗಾರನಿಗೆ ನಷ್ಟ. ಎರಡನೆಯ ಲೆಕ್ಕ ಮೂರನೆಯದಕ್ಕೆ ಹೀಗೆ ಗಂಟುಬಿದ್ದಿದೆ.

ಗೋವಿನಜೋಳದಲ್ಲಿ ತೇವಾಂಶ ನೂರಕ್ಕೆ 14ಕ್ಕಿಂತ ಹೆಚ್ಚಿದ್ದರೆ ಖರೀದಿದಾರರು ಒಪ್ಪುವುದಿಲ್ಲ, ಇಲ್ಲವೆ ಬೆಲೆ ಕಡಿತ ಮಾಡುತ್ತಾರೆ. ಹಸಿಯಾದುದಕ್ಕೆ ಕಡಿತ ಉಂಟಾದರೆ ಒಣಗಿದುದಕ್ಕೆ ಹೆಚ್ಚುವರಿ ಏಕಿರಬಾರದು? ನ್ಯಾಯ ಎರಡೂ ಕಡೆಗೆ ಒಂದೇ ಆಗಿರಬೇಕು. ಬ್ಯಾಡಗಿ ಮೆಣಸಿನಕಾಯಿಯದೂ ಇದೇ ಕಥೆ. ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗಳು ಕಾಯಿಯ ಬಣ್ಣವನ್ನು ಪ್ರಯೋಗಾಲಯದಲ್ಲಿ ಅಂಕಿಯಲ್ಲಿ ಅಳೆಯುತ್ತವೆ. ಬೆಳೆಗಾರನಿಗಾದರೋ ತನ್ನ ಚೀಲದ ಬಣ್ಣದ ಅಂಕಿ ಎಷ್ಟೆಂದು ತಿಳಿಯದೆ, ಕಣ್ಣಿಗೂ ಕೈಗೂ ತೋಚಿದ ಗುಣವನ್ನು ನೆಚ್ಚಿಕೊಂಡು ಮಾರಬೇಕಾಗುತ್ತದೆ. ಕೊಳ್ಳುವವನಿಗೆ ಗೊತ್ತಿರುವುದು ಮಾರುವವನಿಗೆ ಗೊತ್ತಿಲ್ಲದಿದ್ದರೆ ಪೇಟೆ ಒಬ್ಬರ ಕಡೆಗೇ ವಾಲುತ್ತದೆ.

ಇದಕ್ಕೆ ದಾರಿ ಇದೆ ಎಂಬುದನ್ನು ಹಾಲು ಉತ್ಪಾದಕರ ಸಂಘಗಳು ತೋರಿಸಿಕೊಟ್ಟಿವೆ. ಅಲ್ಲಿ ಹಾಲಿನ ಅಳತೆಯೊಡನೆ ಕೊಬ್ಬಿನ ಅಂಶವನ್ನೂ ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ. ಹೀಗಾಗಿ ನೀರು ಬೆರೆಸಿದವನಿಗೆ ಲಾಭವಿಲ್ಲ, ಒಳ್ಳೆಯ ಹಾಲು ತಂದವನಿಗೆ ನಷ್ಟವಿಲ್ಲ. ಮರಕ್ಕೆ, ಮೆಣಸಿನಕಾಯಿಗೆ, ಹತ್ತಿಗೆ ಊರಿನಲ್ಲಿಯೇ ಬಳಸಬಹುದಾದ ಅಂಥ ಅಗ್ಗದ ಮಾಪಕಗಳನ್ನು ತಯಾರಿಸುವುದು ಎಂಜಿನಿಯರಿಂಗ್ ಕಾಲೇಜುಗಳಿಗೆ ಯೋಗ್ಯವಾದ ಕೆಲಸ.

ಹೊಲದಿಂದ ಹುಟ್ಟಿದ ವಿದ್ಯೆ

ಸಂಶೋಧನೆ ರೈತನ ಕಡೆಯಿಂದ ಹೊರಟಾಗ ಎಷ್ಟು ಫಲ ಕೊಡುತ್ತದೆ ಎಂಬುದಕ್ಕೂ ನಮ್ಮ ಭಾಗದಲ್ಲಿ ನಿದರ್ಶನಗಳಿವೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಮೊದಲಲ್ಲಿ ಮುಟ್ಟಲಿಲ್ಲ. ಆದರೆ ನೇಗಿಲು ಹೊಲದ ಕೆಲಸಕ್ಕೆ ಹೊಂದಿತ್ತಾದ್ದರಿಂದ ಗೆದ್ದಿತು. ಅದೇ ಮನೆತನದ ಉದ್ಯಮ 1941ರಲ್ಲಿ ಕುಮಾರಪಟ್ಟಣದ ಎದುರು ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಯಂತ್ರೋಪಕರಣ ಕಾರ್ಖಾನೆಯಾಗಿ ನೆಲೆಸಿತು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು 1970ರ ದಶಕದಲ್ಲಿ ವರಲಕ್ಷ್ಮಿ, ಅನಂತರ ಡಿ.ಸಿ.ಎಚ್.-32 ಎಂಬ ಹತ್ತಿಯ ಸಂಕರಣ ತಳಿಗಳನ್ನು ಕೊಟ್ಟರು. ಗಿರಣಿಗೆ ಬೇಕಾದ ಉದ್ದ ಎಳೆ ಮತ್ತು ರೈತನಿಗೆ ಬೇಕಾದ ಇಳುವರಿ ಎರಡನ್ನೂ ಒಂದೇ ಗಿಡದಲ್ಲಿ ಕೂಡಿಸಿದ್ದೇ ಅವುಗಳ ಗುಟ್ಟು.

ಈಗ ಆಗಬೇಕಾದುದು

ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಕುಮಾರಪಟ್ಟಣದ ತಾಲ್ಲೂಕಿನಲ್ಲಿಯೇ ಇದೆ. ಧಾರವಾಡದಲ್ಲಿ ಕೃಷಿ ಅರ್ಥಶಾಸ್ತ್ರ ವಿಭಾಗ, ಶಿರಸಿಯಲ್ಲಿ ಅರಣ್ಯ ಕಾಲೇಜು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಎಲ್ಲವೂ ಒಂದು ದಿನದ ಪ್ರಯಾಣದೊಳಗೆ ಇವೆ. ಇವರೆಲ್ಲರೂ ಸೇರಿ ಒಂದು ಹಂಗಾಮು ಪೂರ್ತಿ ಒಂದು ಬೆಳೆಯನ್ನು ಹೊಲದಿಂದ ಕಾರ್ಖಾನೆಯ ಬಾಗಿಲವರೆಗೆ ಬೆನ್ನತ್ತಿ ಹೋಗಲಿ. ಎಲ್ಲಿ ಎಷ್ಟು ಹೊತ್ತು, ಎಷ್ಟು ತೂಕ, ಎಷ್ಟು ಹಣ ಸೋರಿತು ಎಂದು ಬರೆದಿಡಲಿ. ಊರಿನ ಗಾಯರಾಣ, ಕೆರೆ, ನದಿಗಳಿಗೆ ತಗಲುವ ಖರ್ಚಿಗೂ ಒಂದು ಕಾಲಮ್ ಇಡಲಿ. ಬಂದ ಫಲಿತಾಂಶವನ್ನು ಇಂಗ್ಲಿಷ್ ಪ್ರಬಂಧಕ್ಕೆ ಮೀಸಲಿಡದೆ ಗ್ರಾಮ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ.

ರೈತ ಬಾಂಧವರೂ ಸುಮ್ಮನೆ ಕೂರಬಾರದು. ಅಂಗಳಕ್ಕೆ ಹೊಕ್ಕ ವೇಳೆ, ಹೊರಬಿದ್ದ ವೇಳೆ, ಕಡಿದ ದಿನ, ಹಸಿ ತೂಕ, ಕಾಟಾದ ತೂಕ, ಬಾಡಿಗೆ, ಹಮಾಲಿ ಇಷ್ಟನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದಿಡುವುದು ಕಷ್ಟವಲ್ಲ. ಕಾಟಾ ಚೀಟಿಯನ್ನು ಎಸೆಯಬೇಡಿರಿ. ಒಬ್ಬ ರೈತನ ಚೀಟಿ ಬರೀ ಕಾಗದ, ಊರಿನ ಐವತ್ತು ರೈತರ ಚೀಟಿಗಳು ಸೇರಿದರೆ ಪುರಾವೆ. ಬೆಲೆಯ ಮಾತುಕತೆಗೆ ಕುಳಿತಾಗ ಕಾರ್ಖಾನೆಯವರ ಮುಂದೆ ಅವರ ಲೆಕ್ಕವಿರುತ್ತದೆ. ನಮ್ಮ ಮುಂದೆ ನಮ್ಮದಿರಲಿ. ಈ ಎರಡು ಲೆಕ್ಕಗಳನ್ನು ತಾಳೆ ನೋಡಿದಾಗಲೇ ಕಾರ್ಖಾನೆಗೆ ನಂಬಿಕೆಯ ಬೆಳೆಗಾರ, ಬೆಳೆಗಾರನಿಗೆ ನಂಬಿಕೆಯ ಕಾರ್ಖಾನೆ ದೊರೆಯುವುದು ಸಾಧ್ಯ.