ಹತ್ತು ಯೆನ್ ನಾಣ್ಯದ ಹಿಂದಿನ ಹೊಳೆ

ಕೆಲಸದ ಮೇಲೆ ಜಪಾನಿಗೆ ಹೋಗಿದ್ದ ಮಗ ಮೊನ್ನೆ ಬಂದವನೇ ಉಳಿದ ಚಿಲ್ಲರೆಯನ್ನೆಲ್ಲ ನನ್ನ ಕೈಗೆ ಸುರಿದ. ಅದರಲ್ಲೊಂದು 10 ಯೆನ್ ನಾಣ್ಯ. ಮೇಲೆ ರೆಕ್ಕೆ ಚಾಚಿದ ಹಕ್ಕಿಯಂಥ ಮಂದಿರ. "ಉಜಿ ನದಿಯ ದಡದ ಬ್ಯೋದೋ-ಇನ್ ಅಮ್ಮಾ, 1053ರಲ್ಲಿ ಕಟ್ಟಿದ್ದು" ಎಂದ. ಅಷ್ಟು ಪ್ರಶಾಂತವಾದ ಜಾಗದಲ್ಲಿ ರಕ್ತ ಹರಿದ ಕಥೆ ನನಗೆ ತಿಳಿದದ್ದು ಆಮೇಲೆ, ಪುಸ್ತಕ ಹಿಡಿದು ಕೂತಾಗ.

1180ರ ಮಾತು. ಕ್ಯೋಟೋದಲ್ಲಿ ತೈರಾ ಮನೆತನದ ಕಿಯೋಮೊರಿಯದೇ ದರ್ಬಾರು. ಎರಡು ವರ್ಷವೂ ತುಂಬದ ಮೊಮ್ಮಗ ಅಂತೊಕುವನ್ನು ಚಕ್ರವರ್ತಿಯಾಗಿ ಕೂರಿಸಿದ. ರಾಜಕುಮಾರ ಮೊಚಿಹಿತೊ ತಿರುಗಿಬಿದ್ದ. ಅವನ ಬೆನ್ನಿಗೆ ನಿಂತವನು ಮಿನಮೊಟೊ ಮನೆತನದ ಯೊರಿಮಸ. ಎಪ್ಪತ್ತು ದಾಟಿದ ಮುದುಕ, ಕವಿ ಬೇರೆ! ಗುಟ್ಟು ರಟ್ಟಾಯಿತು. ನಾರಾ ಕಡೆಗೆ ಓಡುವಾಗ ರಾಜಕುಮಾರ ದಣಿದು ಮತ್ತೆ ಮತ್ತೆ ಕುದುರೆಯಿಂದ ಬಿದ್ದನಂತೆ. ಬ್ಯೋದೋ-ಇನ್‌ನಲ್ಲಿ ತಂಗಿ, ಉಜಿ ಸೇತುವೆಯ ಹಲಗೆಗಳನ್ನು ಕಿತ್ತುಹಾಕಿದರು.

ಬೆನ್ನಟ್ಟಿ ಬಂದ ತೈರಾ ಸೈನ್ಯದ ಮುಂದಿನ ಸಾಲು ಹಲಗೆಯಿಲ್ಲದ ಸೇತುವೆಯಿಂದ ನೀರಿಗೆ ಬಿತ್ತು. ಆಗ ಮುಂದೆ ಬಂದವನು 17ರ ಹುಡುಗ, ಅಶಿಕಾಗಾ ತದತ್ಸುನ. ಅವನ ಮಾತನ್ನು 'ಹೈಕೆ ಮೊನೊಗತಾರಿ' ಎಂಬ ಯುದ್ಧಕಥೆ ವಿವರಿಸುತ್ತದೆ. ಬಲವಾದ ಕುದುರೆಗಳು ನೀರು ನುಗ್ಗಿಬರುವ ಮೇಲ್ಗಡೆ ಇರಲಿ, ಬಡಕಲು ಕುದುರೆಗಳು ಕೆಳಗಡೆ. ಹಿಂದೆ ಬಿದ್ದವನಿಗೆ ಬಿಲ್ಲಿನ ತುದಿ ಚಾಚಬೇಕು. ಕೈಗೆ ಕೈ, ಹೆಗಲಿಗೆ ಹೆಗಲು. ಹೀಗೆ 300 ಸವಾರರಲ್ಲಿ ಒಬ್ಬನೂ ಕೊಚ್ಚಿಹೋಗದೆ ದಡ ಸೇರಿದರಂತೆ. ಅವರನ್ನು ನೋಡಿ ಹೊಳೆಗಿಳಿದ ಇನ್ನೊಂದು ಗುಂಪಿನ ಸಾಲು ಒಡೆಯಿತು; 600 ಜನ ನೀರುಪಾಲಾದರು.

ಯೊರಿಮಸ ಬಾಣ ತಗುಲಿ ಗಾಯಗೊಂಡ. ದೇವಾಲಯದ ಆವರಣದಲ್ಲೇ ಕೊನೆಯ ಪದ್ಯ ಹೇಳಿ, ಹೊಟ್ಟೆ ಬಗೆದುಕೊಂಡು ಸತ್ತ. ರಾಜಕುಮಾರನೂ ನಾರಾ ಮುಟ್ಟಲಿಲ್ಲ.

ತೈರಾಗಳು ಗೆದ್ದರು ಅನ್ನೋಣವೇ? ಐದೇ ವರ್ಷ. 1185ರಲ್ಲಿ ದಾನ್-ನೊ-ಉರದ ಸಮುದ್ರಯುದ್ಧದಲ್ಲಿ ಆ ಮನೆತನವೇ ಮುಳುಗಿತು. ಆರು ವರ್ಷದ ಅಂತೊಕುವನ್ನು ಎತ್ತಿಕೊಂಡು ಅಜ್ಜಿ ಕಡಲಿಗೆ ಹಾರಿದಳು ಎನ್ನುತ್ತದೆ ಅದೇ ಕಥೆ.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಬಲವುಳ್ಳವರು ಪ್ರವಾಹಕ್ಕೆ ಎದೆಗೊಡಬೇಕು, ಎಳೆಯರು ಅವರ ಮರೆಯಲ್ಲಿ ದಾಟಬೇಕು. ಇಷ್ಟು 17ರ ಹುಡುಗನಿಗೆ ಗೊತ್ತಿತ್ತು. ಅವನು ಯಾರ ಪರ ಹೊಳೆ ದಾಟಿದನೋ ಆ ಹಿರಿಯರಿಗೇ ಗೊತ್ತಿರಲಿಲ್ಲ. ತಮ್ಮ ಅಧಿಕಾರಕ್ಕಾಗಿ ಹಾಲುಗಲ್ಲದ ಮಗುವನ್ನೇ ಮೇಲ್ಗಡೆ ನಿಲ್ಲಿಸಿದರು.

ನಮ್ಮ ಆಸೆಗಳ ಹೊಳೆಯಲ್ಲಿ ನಾವು ನಮ್ಮ ಮಕ್ಕಳನ್ನು ಯಾವ ಕಡೆ ನಿಲ್ಲಿಸಿದ್ದೇವೆ? ನೀವೇ ಯೋಚಿಸಿ. ನಾಣ್ಯ ಮಾತ್ರ ನನ್ನ ಕುಂಕುಮದ ಬಟ್ಟಲ ಪಕ್ಕದಲ್ಲೇ ಇದೆ.